ಎಪ್ಪತ್ತಕ್ಕೆ ಐವತ್ತೈದು

ಹಾಸನದ ಪೆನ್ಷನ್ ಮೊಹಲ್ಲಾದ ಮೂಲೆ ಗುಜರಿಯಲ್ಲಿ
ಖೈರೂನ್‌ಬಿಗೆ ತಾಮ್ರ ಅಂದರೆ ತಾಮ್ರ.
ಗೀಸರಿನ ಕೊಳವೆ, ಸುಟ್ಟ ಮೋಟಾರಿನ ತಂತಿ, ಹಂಡೆಯ ತಳ,
ಎಲ್ಲಕ್ಕೂ ಒಂದೇ ತಕ್ಕಡಿ.
ಅದರಲ್ಲೇ ಸಿಕ್ಕವು ಎರಡು ಆನೆ ಕಾಸು.
ಒಂದು ಇದ್ದಿಲ ಚೂರಿನಷ್ಟು ಕಪ್ಪು,
ಸೊಂಡಿಲು ಯಾವುದು ಬಾಲ ಯಾವುದು
ಬೆಳಕಿಗೆ ವಾರೆ ಹಿಡಿದರಷ್ಟೇ ತಿಳಿಯುವುದು.
ಇನ್ನೊಂದು ಹೊಳೆಯುತ್ತಿತ್ತು,
ಇನ್ನೂರು ವರ್ಷ ಎಲ್ಲೋ ನಿದ್ದೆ ಹೊಡೆದು
ಈಗಷ್ಟೇ ಮುಖ ತೊಳೆದು ಬಂದಂತೆ.

'ತಗೊಳ್ಳಿ ರೈಟ್ರೆ, ನಿಮಗೇ ಅಂತ ಎತ್ತಿಟ್ಟಿದ್ದೆ.'
ತೂಕಕ್ಕೆ ಹದಿನಾಲ್ಕು ರೂಪಾಯಿ.
ಹದಿನೈದು ಕೊಟ್ಟೆ. ಚಿಲ್ಲರೆ ಇಲ್ಲವೆಂದಳು,
ನಾಣ್ಯ ಕೊಂಡವನಿಗೆ ನಾಣ್ಯವಿಲ್ಲವೆಂದು
ಇಬ್ಬರೂ ನಕ್ಕೆವು.

ನನ್ನದೂ ವಿಂಗಡಿಸುವ ಕೆಲಸವೇ.
ಆಲೂಗೆಡ್ಡೆ ಮಂಡಿಯಲ್ಲಿ ಹತ್ತೊಂಬತ್ತು ವರ್ಷ:
ದಪ್ಪ, ಮಧ್ಯಮ, ಗೋಲಿ, ಹಸಿರು ತಿರುಗಿದ್ದು, ಗುದ್ದಲಿ ತಾಗಿದ್ದು.
ಚೀಟಿಯಲ್ಲಿ ನಾನು ಬರೆದದ್ದೇ ದರ.
ಬೊಗಸೆ ತುಂಬ ಹಿಡಿದು
'ಇದು ಗೋಲಿಯಾ ಸ್ವಾಮಿ, ಕಣ್ಣು ಬಿಟ್ಟು ನೋಡಿ' ಅಂದರೆ
ಕಣ್ಣು ಬಿಟ್ಟೇ ನೋಡಿ
ಗೋಲಿ ಅಂತಲೇ ಬರೆದಿದ್ದೇನೆ.
ಬೆಳೆದವನ ಅಂಗೈಯಲ್ಲಿ ಗೋಲಿಯೂ ಕುಂಬಳಕಾಯಿ.
ಅದಕ್ಕೇ ನನ್ನ ಕಾಸಿಗೆ ನಾನು ಅಂಕಿ ಕೊಡಲಿಲ್ಲ,
ನನ್ನ ಹೆಸರೇ ಗೊತ್ತಿಲ್ಲದವರ ಮೇಜಿಗೆ ಕಳಿಸಿದೆ.

ಹೊಳೆಯುವುದರ ಮೇಲೆ ಆಸೆ,
ಕಪ್ಪಿನದು ಜೊತೆಗಿರಲಿ ಎಂದು.
ಶುಲ್ಕ ಕಟ್ಟುವಾಗ ಹೆಂಡತಿ ಸುಶೀಲೆ ಕೇಳಿದಳು:
'ಹದಿನೈದು ರೂಪಾಯಿಯ ಮಾಲಿಗೆ
ಮೂರು ಸಾವಿರದ ಜಾತಕವಾ?'

ಎಪ್ಪತ್ತೊಂದು ದಿನ.
ಆಮೇಲೆ ಬಂದವು,
ಗಾಜಿನಂಥ ಪ್ಲಾಸ್ಟಿಕ್ಕಿನೊಳಗೆ, ಅಂಚು ಬೆಸೆದು,
ಉಗುರು ಕೂಡ ತೂರದ ಹಾಗೆ.
ಕಪ್ಪಿನದಕ್ಕೆ ಎಪ್ಪತ್ತಕ್ಕೆ ಐವತ್ತೈದು.
ಹೊಳೆಯುವುದಕ್ಕೆ ಅಂಕಿಯೇ ಇಲ್ಲ,
ಒಂದೇ ಮಾತು: ತೊಳೆದದ್ದು.

ಅರಸೀಕೆರೆಯ ಪಂಚಾಕ್ಷರಿ,
ನಾನು 'ಒಳ್ಳೇ ಸ್ಥಿತಿ' ಅಂದಾಗೆಲ್ಲ
'ನೋಡೋಣ ಬಿಡಿ' ಎಂದು ಹದಿನೈದು ವರ್ಷ ತಲೆ ಕೆರೆದವನು,
ಫೋನಿನಲ್ಲೇ ಬೆಲೆ ಹೇಳಿದ.
ಆನೆಯನ್ನು ಕಂಡಿಲ್ಲ, ಅಂಕಿಯನ್ನು ಕೇಳಿದ, ಸಾಕಾಯಿತು.
ಖುಷಿಯೇ ಆಯಿತು. ಸುಳ್ಳು ಯಾಕೆ ಹೇಳಲಿ.
ಇಷ್ಟು ವರ್ಷ ನನ್ನ ನಾಲಿಗೆ
ಹೊತ್ತು ತಿರುಗಿದ ಭಾರವನ್ನು
ಎರಡು ಅಂಕಿ ಎತ್ತಿಕೊಂಡವು.

ಆ ರಾತ್ರಿ ಇನ್ನೊಂದನ್ನು ಮಸೂರದಡಿ ಹಿಡಿದೆ.
ಮೊದಲು ಏನೂ ಕಾಣಲಿಲ್ಲ.
ಆಮೇಲೆ ಕಂಡಿತು:
ಆನೆಯ ಹೊಟ್ಟೆಯ ಮೇಲೆ ಕೂದಲೆಳೆಯ ಗೀರು,
ಒಂದಲ್ಲ, ನೂರು, ಎಲ್ಲ ಒಂದೇ ದಿಕ್ಕಿಗೆ,
ಮೇಲಿನಿಂದ ಕೆಳಕ್ಕೆ, ಕೊನೆಯಲ್ಲಿ ತುಸು ಬಲಕ್ಕೆ
ತಿರುಗುವ ಹೆಬ್ಬೆರಳು.
ಮಗುವಿನ ಬೆನ್ನು ತಿಕ್ಕುವ ಹಾಗೆ.
ಎಲ್ಲೋ ಕುಳಿತ, ನಾನೆಂದೂ ಕಾಣದ ಒಬ್ಬ
ಇದನ್ನು ನನಗಿಂತ ಮೊದಲು ಓದಿದ್ದ.

ಭಾನುವಾರ ಎರಡನ್ನೂ ಒಯ್ದೆ.
ಖೈರೂನ್‌ಬಿ ಕಪ್ಪಿನದನ್ನು ತಕ್ಕಡಿಗೆ ಹಾಕಿ
'ಕಾಸಿಗಿಂತ ಡಬ್ಬಿಯದೇ ತೂಕ ಜಾಸ್ತಿ' ಅಂದಳು.
'ಎಪ್ಪತ್ತಕ್ಕೆ ಯಾಕೆ? ನೂರಕ್ಕೆ ಕೊಡಲ್ವಾ?'
ನನಗೂ ಗೊತ್ತಿರಲಿಲ್ಲ.
ಬಂದದ್ದರಲ್ಲಿ ಅರ್ಧ ಎಂದು ಕವರು ಕೊಟ್ಟೆ,
ಎಣಿಸದೆ ಗಲ್ಲೆಗೆ ತಳ್ಳಿದಳು.
ಆಮೇಲೆ ಹೊಳೆಯುವುದರ ಮೇಲೆ ಬೆರಳಾಡಿಸಿ:
'ಇದಕ್ಕೇನಂದ್ರು?'

'ಯಾರೋ ಚೆನ್ನಾಗಿ ಉಜ್ಜಿದ್ದಾರೆ ಅಂದ್ರು.'

ಮುಖ ಅರಳಿತು.
'ಮತ್ತೆ? ಹುಣಸೆಹಣ್ಣು, ಉಪ್ಪು, ಆಮೇಲೆ ಸೆರಗು.
ಎರಡೆರಡು ಸಲ.
ಆ ಕರಿಯದನ್ನೂ ಉಜ್ಜೋಳೇ ಇದ್ದೆ ರೈಟ್ರೆ,
ಅಷ್ಟರಲ್ಲಿ ಹಾಳಾದ್ದು
ಕರೆಂಟು ಹೋಯ್ತು.'